ಬಾವಿಯನ್ನು ಮುಚ್ಚಬಹುದು, ಸುರಂಗವನ್ನು ಮುಚ್ಚುವುದೆಂತು?

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಊರಿನ ಊಟವೆಂದರೆ ಶುದ್ಧಿಯ ಇನ್ನೊಂದು ಹೆಸರು. ಪುಣೆಯ ಮಂಡಿಯಲ್ಲಿ ಕೊಂಡ ಸೊಪ್ಪನ್ನು ನಾಲ್ಕು ನೀರಿನಲ್ಲಿ ತೊಳೆಯುವ ನಾವು, ಊರಿನಿಂದ ಬಂದ ಕೆಸುವಿನೆಲೆಯನ್ನೋ ಹಲಸಿನ ಹಪ್ಪಳವನ್ನೋ ಜೇನಿನ ಬಾಟಲಿಯನ್ನೋ ಒಂದು ಪ್ರಶ್ನೆಯನ್ನೂ ಕೇಳದೆ ಬರಮಾಡಿಕೊಳ್ಳುತ್ತೇವೆ. ‘ನಮ್ಮ ಹಿತ್ತಿಲಿನದು’ ಎಂಬ ಮಾತೊಂದೇ ಸಾಕು, ಎಲ್ಲ ಅನುಮಾನಗಳೂ ಕರಗುತ್ತವೆ. ಈ ನಂಬಿಕೆ ಪ್ರೀತಿಯಿಂದ ಹುಟ್ಟಿದ್ದು. ಅದನ್ನು ಹಳಿಯುವುದು ಈ ಬರಹದ ಉದ್ದೇಶವಲ್ಲ. ಆದರೆ ಹಿತ್ತಿಲು ನಮ್ಮದಾದರೂ ಅದರ ಮೇಲಿನ ಗಾಳಿ, ಅದಕ್ಕೆ ಹರಿದು ಬರುವ ನೀರು ನಮ್ಮ ಕೈಯಲ್ಲಿವೆಯೇ ಎಂಬ ಪ್ರಶ್ನೆಯನ್ನು ಎಂದಾದರೂ ಎದುರಿಸಲೇಬೇಕು.

ಈ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದವರು ಭೂಮಿಯ ಉತ್ತರದ ತುದಿಯಲ್ಲಿ, ಹಿಮದ ನಡುವೆ ಬಾಳುವ ಇನುಯಿಟ್ ಜನ. ಸೀಲ್ ಮತ್ತು ಬೆಲುಗಾ ತಿಮಿಂಗಿಲಗಳ ಮಾಂಸ, ಕೊಬ್ಬು ಅವರ ಪಾರಂಪರಿಕ ಆಹಾರ. 1980ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಂಶೋಧಕರು ತಾಯಂದಿರ ಎದೆಹಾಲಿನಲ್ಲಿರುವ ಕೈಗಾರಿಕಾ ರಾಸಾಯನಿಕಗಳನ್ನು ಅಳೆಯುತ್ತಿದ್ದರು. ಕಾರ್ಖಾನೆಗಳೇ ಇಲ್ಲದ ಉತ್ತರದ ನುನಾವಿಕ್ ಪ್ರದೇಶದ ಹಾಲು ನಿರ್ಮಲವಾಗಿರುವುದೆಂಬುದು ಅವರ ಎಣಿಕೆಯಾಗಿತ್ತು. ಫಲಿತಾಂಶ ತದ್ವಿರುದ್ಧವಾಗಿತ್ತು: ಪಿಸಿಬಿ ಎಂಬ ರಾಸಾಯನಿಕದ ಪ್ರಮಾಣ ಅಲ್ಲಿ ದಕ್ಷಿಣದ ನಗರವಾಸಿ ತಾಯಂದಿರ ಹಾಲಿನಲ್ಲಿದ್ದುದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚಿತ್ತು. ವಿಷವನ್ನು ತಯಾರಿಸದವರ, ಬಳಸದವರ, ಅದರ ಹೆಸರನ್ನೂ ಕೇಳದವರ ಮೈಯಲ್ಲೇ ಅದು ಹೆಚ್ಚಾಗಿ ಮನೆಮಾಡಿತ್ತು.

ಇದರ ಕಾರಣ ನಿಗೂಢವಲ್ಲ. ಸುಲಭವಾಗಿ ಕೊಳೆಯದ ಈ ಬಗೆಯ ರಾಸಾಯನಿಕಗಳು ಬಿಸಿ ನಾಡುಗಳಲ್ಲಿ ಆವಿಯಾಗಿ ಗಾಳಿಯೊಡನೆ ಸಾಗುತ್ತವೆ. ತಂಪು ಸಿಕ್ಕಲ್ಲಿ ಇಳಿಯುತ್ತವೆ. ನೀರಿಗಿಂತ ಕೊಬ್ಬಿನಲ್ಲಿ ಹೆಚ್ಚಾಗಿ ಸೇರಿಕೊಳ್ಳುವುದರಿಂದ ಪಾಚಿಯಿಂದ ಮೀನಿಗೆ, ಮೀನಿನಿಂದ ಸೀಲ್‌ಗೆ, ಸೀಲ್‌ನಿಂದ ಮನುಷ್ಯನಿಗೆ ಬರುವಷ್ಟರಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಸಾಂದ್ರಗೊಳ್ಳುತ್ತವೆ. 2001ರ ಸ್ಟಾಕ್‌ಹೋಮ್ ಒಪ್ಪಂದವು ತನ್ನ ಪೀಠಿಕೆಯಲ್ಲಿಯೇ ಆರ್ಕ್‌ಟಿಕ್ ಜನರ ಪಾರಂಪರಿಕ ಆಹಾರದ ಮಾಲಿನ್ಯವನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯೆಂದು ಒಪ್ಪಿಕೊಂಡಿತು. ಅದೇ ಒಪ್ಪಂದದ ನಿಷೇಧಪಟ್ಟಿಗೆ 2011ರಲ್ಲಿ ಸೇರಿದ ಹೆಸರೊಂದು ನಮಗೆ ತೀರ ಹತ್ತಿರದ್ದು: ಎಂಡೋಸಲ್ಫಾನ್. ಬಳಕೆಯ ನೆಲದಿಂದ ಬಹುದೂರದ ಆರ್ಕ್‌ಟಿಕ್‌ನ ಗಾಳಿಯಲ್ಲಿ, ಜೀವಿಗಳಲ್ಲಿ ಅದು ಪತ್ತೆಯಾದುದೂ ಆ ನಿರ್ಧಾರಕ್ಕೆ ಒಂದು ಆಧಾರವಾಗಿತ್ತು.

ಹಿಮದ ನಾಡಿಗೆ ಗಾಳಿಯಲ್ಲಿ ತೇಲಿ ಹೋದದ್ದು ಕಾಸರಗೋಡಿನ ಮೇಲೆ ನೇರವಾಗಿಯೇ ಸುರಿಯಿತು. ಕೇರಳ ಸರಕಾರದ ಒಡೆತನದ ಪ್ಲಾಂಟೇಶನ್ ಕಾರ್ಪೊರೇಷನ್ ಅಲ್ಲಿನ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ ಗೇರು ತೋಟಗಳಿಗೆ, ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲೆಂದು, 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗಡಿಯ ಈಚೆಗೆ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮೊದಲಾದ ಊರುಗಳ ಗೇರು ತೋಟಗಳಲ್ಲಿ ಕರ್ನಾಟಕದ ಗೇರು ಅಭಿವೃದ್ಧಿ ನಿಗಮವೂ ಅದನ್ನೇ ಮಾಡಿತು. ರಾಚೆಲ್ ಕಾರ್ಸನ್ ಅವರ ‘ಸೈಲೆಂಟ್ ಸ್ಪ್ರಿಂಗ್’ ಪ್ರಕಟವಾದದ್ದು 1962ರಲ್ಲಿ. ಅಂದರೆ ಆಕಾಶದಿಂದ ಕೀಟನಾಶಕ ಸುರಿದರೆ ಏನಾದೀತೆಂಬ ಎಚ್ಚರಿಕೆ ಲೋಕಕ್ಕೆ ದೊರೆತು ಒಂದೂವರೆ ದಶಕ ಕಳೆದಿತ್ತು.

ಸಿಂಪಡಣೆಗೆ ಮೊದಲು ಜನರಿಗೆ ನೀಡುತ್ತಿದ್ದ ಸೂಚನೆ ಸರಳವಾಗಿತ್ತು: ಬಾವಿಗಳನ್ನು ಮುಚ್ಚಿರಿ, ದನಕರುಗಳನ್ನು ಹೊರಗೆ ಬಿಡಬೇಡಿ. ಈ ಸೂಚನೆ ಬರೆದವರಿಗೆ ಆ ನೆಲದ ಪರಿಚಯ ಇದ್ದಿರಲಾರದು. ಕಾಸರಗೋಡಿನ ಗುಡ್ಡಗಾಡಿನ ಜನ ನೀರಿಗಾಗಿ ಗುಡ್ಡದ ಒಡಲಿಗೆ ಅಡ್ಡಲಾಗಿ ಸುರಂಗ ಕೊರೆದವರು. ಗುಡ್ಡ ಕುಡಿದ ಮಳೆಯೇ ಸುರಂಗದಲ್ಲಿ ಜಿನುಗಿ ಅಂಗಳದ ಕೆರೆಗೆ ಇಳಿಯುತ್ತದೆ. ಅದೇ ಅಡುಗೆಗೆ, ಅದೇ ಅಡಿಕೆ ತೋಟಕ್ಕೆ, ಅದೇ ದನಕ್ಕೆ. ಗೇರು ತೋಟಗಳಿರುವುದು ಗುಡ್ಡದ ನೆತ್ತಿಯಲ್ಲಿ, ಮನೆಗಳಿರುವುದು ಬುಡದಲ್ಲಿ. ಬಾವಿಯ ಬಾಯಿಗೆ ಮಡಲು ಹೊದಿಸಬಹುದು, ಗುಡ್ಡಕ್ಕೆ ಹೊದಿಸಲಾದೀತೇ? ತೊರೆಗೆ, ಹಲಸಿನ ಮರಕ್ಕೆ, ಕೆಸುವಿನ ಪಾತಿಗೆ, ಜೇನುನೊಣಗಳಿಗೆ ಯಾವ ಮುಚ್ಚಳ?

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಅನಾಹುತವನ್ನು ಮೊದಲು ಗುರುತಿಸಿದವರು ಅಲ್ಲಿಯೇ ಬಾಳುವವರು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲಿಯೇ, ಅಂಗವಿಕಲವಾಗಿ ಹುಟ್ಟಿದ ಕರುಗಳನ್ನು ಕಂಡು ಬರೆದರು. ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ಅವರು ತಮ್ಮ ಸಣ್ಣ ಊರಿನಲ್ಲಿ ನರಸಂಬಂಧಿ ಕಾಯಿಲೆಗಳೂ ಹುಟ್ಟುನ್ಯೂನತೆಗಳೂ ಇಷ್ಟೇಕೆ ಎಂದು ಕೇಳುತ್ತಲೇ ಬಂದರು. ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯದ ಮೆಟ್ಟಿಲೇರಿದರು. ಸರಕಾರಿ ನೌಕರರಾದ ನಮಗೆ ಈ ಕೊನೆಯ ಹೆಸರು ವಿಶೇಷವಾಗಿ ನೆನಪಿರಬೇಕು. ಕಡತ ಹೇಳುವುದೇ ಸತ್ಯವೆಂದು ಅವರು ನಂಬಿ ಕೂರಲಿಲ್ಲ.

ಕಾರಣ–ಪರಿಣಾಮಗಳ ವಿಚಾರದಲ್ಲಿ ವಿವಾದವಿದ್ದುದನ್ನು ನಾವು ಮರೆಮಾಚುವುದಿಲ್ಲ. ಒಬ್ಬ ರೋಗಿಯನ್ನು ತೋರಿಸಿ, ಈತನ ಕಾಯಿಲೆ ಇದರಿಂದಲೇ ಬಂತು ಎಂದು ಸಾಧಿಸುವುದು ಕಷ್ಟ. ಎಂಡೋಸಲ್ಫಾನನ್ನು ನಿರ್ದೋಷಿಯೆಂದ ಸಮಿತಿಗಳೂ ಇದ್ದವು. ಆದರೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ 117 ಹುಡುಗರನ್ನು ಸಿಂಪಡಣೆಯಿಲ್ಲದ ಊರಿನ 90 ಹುಡುಗರೊಡನೆ ಹೋಲಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನ, ಪಡ್ರೆಯ ಹುಡುಗರಲ್ಲಿ ಪ್ರೌಢಾವಸ್ಥೆ ತಡವಾಗುತ್ತಿರುವುದನ್ನು ಸೂಚಿಸಿತು. ಸಿಂಪಡಣೆ ನಿಂತ ಮೇಲೂ ಅವರ ರಕ್ತದಲ್ಲಿ ವಿಷವಿತ್ತು. ಪೂರ್ಣ ಪುರಾವೆ ಸಿಗುವವರೆಗೂ ಸುರಿಯುತ್ತಿರೋಣ ಎಂಬ ವಾದದಲ್ಲಿ, ಪುರಾವೆಯನ್ನು ಒದಗಿಸಬೇಕಾದವರು ಆ ಮಕ್ಕಳೇ ಎಂಬುದನ್ನು ಗಮನಿಸಬೇಕು.

ಈ ಕಥೆಯಲ್ಲಿ ದೂರದ ವಿದೇಶಿ ಕಂಪನಿಯನ್ನು ಖಳನಾಗಿಸಿ ನಿರಾಳವಾಗುವಂತಿಲ್ಲ. ತೋಟ ಸರಕಾರದ್ದು. ಎಂಡೋಸಲ್ಫಾನ್ ತಯಾರಕರಲ್ಲಿ ಕೇಂದ್ರ ಸರಕಾರದ ಹಿಂದೂಸ್ತಾನ್ ಇನ್‌ಸೆಕ್ಟಿಸೈಡ್ಸ್ ಕೂಡ ಒಂದು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಜಾಗತಿಕ ನಿಷೇಧದ ಚರ್ಚೆ ನಡೆದಾಗ ಕೊನೆಯವರೆಗೂ ಪ್ರತಿರೋಧಿಸಿದ ದೇಶ ನಮ್ಮದೇ. ಆ ವರ್ಷದ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳಕ್ಕೆ ಆದೇಶಿಸಿತು. ಐದು ವರ್ಷಗಳ ಬಳಿಕ ಅದೇ ನ್ಯಾಯಾಲಯ ಕಂಡದ್ದೇನು? 3,704 ಮಂದಿಯಲ್ಲಿ ಹಣ ತಲುಪಿದ್ದುದು ನ್ಯಾಯಾಲಯದ ಬಾಗಿಲು ತಟ್ಟಿದ್ದ 8 ಮಂದಿಗೆ ಮಾತ್ರ.

ಇನ್ನೊಂದು ಹೋಲಿಕೆ ನಮ್ಮ ಪುಣೆಯಿಂದಲೇ ದೊರೆಯುತ್ತದೆ. 2003ರಲ್ಲಿ ಯುರೋಪಿಗೆ ಹೋದ ಭಾರತದ ದ್ರಾಕ್ಷಿಯಲ್ಲಿ ಕೀಟನಾಶಕದ ಉಳಿಕೆ ಸಿಕ್ಕಿತು. ತಡಮಾಡದೆ ವ್ಯವಸ್ಥೆ ಎದ್ದು ನಿಂತಿತು. ನಗರದಂಚಿನ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಉಳಿಕೆ ಪರೀಕ್ಷೆಯ ರಾಷ್ಟ್ರೀಯ ಪ್ರಯೋಗಾಲಯವಾಯಿತು. ಇಂದು ರಫ್ತಾಗುವ ದ್ರಾಕ್ಷಿಯ ಪೆಟ್ಟಿಗೆ ಯಾವ ತೋಟದ್ದೆಂದು ಹೇಳಬಲ್ಲೆವು. ಇದು ಹೆಮ್ಮೆಯ ಸಂಗತಿಯೇ. ಆದರೆ ಇಷ್ಟೆಲ್ಲ ಸಾಧ್ಯವೆಂದು ತೋರಿಸಿದ ಮೇಲೆ, ಪಡ್ರೆಯ ತೊರೆಯ ನೀರಿಗೆ ಇದು ಏಕೆ ಸಾಧ್ಯವಾಗಲಿಲ್ಲ ಎಂಬುದಕ್ಕೆ ವಿಜ್ಞಾನದ ಕೊರತೆ ಉತ್ತರವಾಗಲಾರದು. ತಿನ್ನುವವರು ಯಾರು ಎಂಬುದರ ಮೇಲೆ ಪರೀಕ್ಷೆಯ ತುರ್ತು ನಿಂತಿದೆ.

ಹಾಗಾದರೆ ಊರಿನ ಊಟವನ್ನು ಬಿಡಬೇಕೇ? ಖಂಡಿತ ಬೇಡ. ಆರ್ಕ್‌ಟಿಕ್‌ನ ಅನುಭವ ಇಲ್ಲಿಯೂ ದಾರಿ ತೋರುತ್ತದೆ. ಅಲ್ಲಿನ ಆರೋಗ್ಯ ತಜ್ಞರು ಸೀಲ್ ಮಾಂಸವನ್ನು ತ್ಯಜಿಸಿ ಅಂಗಡಿಯ ದುಬಾರಿ ಪೊಟ್ಟಣದ ತಿನಿಸಿಗೆ ಬದಲಾಗಿರೆಂದು ಹೇಳಲಿಲ್ಲ. ಆ ಆಹಾರದ ಪೋಷಣೆ, ಅದರೊಡನೆ ಹೆಣೆದ ಬದುಕು ದೊಡ್ಡದೆಂದು ಒಪ್ಪಿದರು. ಎದೆಹಾಲನ್ನು ನಿಲ್ಲಿಸಬೇಡಿ ಎಂದರು. ಯಾವುದನ್ನು ಗರ್ಭಿಣಿಯರು ಕಡಿಮೆ ತಿನ್ನಬೇಕೆಂಬುದನ್ನು ಅಳೆದು ತಿಳಿಸಿದರು. ಇನುಯಿಟ್ ನಾಯಕರು ಒಪ್ಪಂದದ ಮೇಜಿನ ಬಳಿಗೆ ಹೋಗಿ, ನಮ್ಮ ತಟ್ಟೆಯನ್ನು ಬದಲಿಸಬೇಡಿ, ನಿಮ್ಮ ವಿಷವನ್ನು ನಿಲ್ಲಿಸಿ ಎಂದು ವಾದಿಸಿದರು.

ನಾವು ಕೇಳಬೇಕಾದುದೂ ಇದನ್ನೇ. ಗಡಿಭಾಗದ ನೀರು, ಹಾಲು, ಸೊಪ್ಪುಗಳ ಉಳಿಕೆ ಪರೀಕ್ಷೆ ಕಾಲಕಾಲಕ್ಕೆ ನಡೆಯಲಿ. ಫಲಿತಾಂಶ ಅಲ್ಲಿನ ಜನ ಓದುವ ಕನ್ನಡದಲ್ಲಿಯೂ ಪಂಚಾಯತಿನ ಗೋಡೆಯ ಮೇಲೆ ಬರಲಿ. ಸಂತ್ರಸ್ತರ ಪಟ್ಟಿ ಪಂಚಾಯತಿನ ಎಲ್ಲೆಯಲ್ಲಿ ನಿಲ್ಲದಿರಲಿ. ಗಾಳಿ ಆ ಎಲ್ಲೆಯನ್ನು ಕಂಡಿರಲಿಲ್ಲ. ಕೇರಳದ ಪಟ್ಟಿಗೂ ಕರ್ನಾಟಕದ ಪಟ್ಟಿಗೂ ಬೇರೆ ಬೇರೆ ಅಳತೆಗೋಲು ಇರುವುದೇಕೆಂದು ಎರಡೂ ಸರಕಾರಗಳು ಉತ್ತರಿಸಲಿ. ಕಾಸರಗೋಡು ಎಂದೊಡನೆ ಗಡಿವಿವಾದವನ್ನೂ ಭಾಷೆಯ ಅಳಲನ್ನೂ ನೆನೆಯುವ ಹೊರನಾಡ ಕನ್ನಡ ಸಂಘಗಳು, ಆ ಭಾಷೆಯನ್ನಾಡುವ ಜನರ ಕುಡಿಯುವ ನೀರನ್ನೂ ತಮ್ಮ ಗೊತ್ತುವಳಿಗಳಲ್ಲಿ ಸೇರಿಸಲಿ. ನುಡಿಯನ್ನು ಉಳಿಸುವುದೆಂದರೆ ಅದನ್ನಾಡುವ ಮೈಗಳನ್ನು ಉಳಿಸುವುದೂ ಹೌದು.