ಅನುಭವಿಯೋ, ಅಳಲೆಕಾಯಿ ಪಂಡಿತನೋ?

‘ಎಂಪಿರಿಕಲ್’ ಎಂಬ ಇಂಗ್ಲಿಷ್ ವಿಶೇಷಣವನ್ನು ವಿಜ್ಞಾನದ ವಿದ್ಯಾರ್ಥಿಗಳು ಬಲ್ಲರು. ವೀಕ್ಷಣೆ ಪ್ರಯೋಗಗಳಿಂದ ದೊರೆತದ್ದು ಎಂಬರ್ಥದ ಆ ಮಾತು ಇಂದು ಗೌರವಸೂಚಕ. ಅದರ ಒಡಹುಟ್ಟಾದ ‘ಎಂಪಿರಿಕ್’ ಎಂಬ ನಾಮಪದವಾದರೋ ಈಗ ವಿರಳ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ವೈದ್ಯನೊಬ್ಬನನ್ನು ಹಾಗೆ ಕರೆದರೆ ಅದು ಬೈಗುಳವೇ ಆಗಿತ್ತು. ನಮ್ಮ ‘ಅಳಲೆಕಾಯಿ ಪಂಡಿತ’ ಎಂಬ ಮಾತು ಅದಕ್ಕೆ ಸರಿಸಾಟಿ.

ಈ ಪದದ ಮೂಲ, ‘ಅನುಭವ’ ಎಂಬರ್ಥದ ಗ್ರೀಕ್ ಶಬ್ದ. ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವೈದ್ಯಪಂಥವೊಂದು, ರೋಗದ ಗುಪ್ತ ಕಾರಣಗಳನ್ನು ಊಹಿಸುವುದು ವ್ಯರ್ಥ, ಯಾವ ಮದ್ದಿನಿಂದ ಗುಣವಾಯಿತೆಂಬ ಅನುಭವವೇ ಪ್ರಮಾಣ ಎಂದು ಸಾರಿತು. ಗ್ರಂಥಪಾಂಡಿತ್ಯಕ್ಕೆ ಮನ್ನಣೆಯಿದ್ದ ಮುಂದಿನ ಯೂರೋಪಿನಲ್ಲಿ, ಶಾಸ್ತ್ರವನ್ನೋದದೆ ಚಿಕಿತ್ಸೆಗೆ ಕೈಹಾಕಿದವರಿಗೆಲ್ಲ ಆ ಹೆಸರೇ ಅಂಟಿತು. ಷೇಕ್ಸ್‌ಪಿಯರನೂ ಅದನ್ನು ಹೀನಾರ್ಥದಲ್ಲಿಯೇ ಬಳಸಿದ್ದಾನೆ.

ಈ ತಿರಸ್ಕಾರ ನ್ಯಾಯವೇ? ರಾಬರ್ಟ್ ಟಾಲ್ಬರನನ್ನು ನೋಡೋಣ. ಔಷಧ ವ್ಯಾಪಾರಿಯೊಬ್ಬನ ಬಳಿ ಕೆಲಸ ಕಲಿತ ಇವನು ಎಸೆಕ್ಸಿನ ಜವುಗುನಾಡಿನಲ್ಲಿ ಚಳಿಜ್ವರಕ್ಕೆ ಮದ್ದು ಕೊಟ್ಟು ಹೆಸರಾದನು. ಪಂಡಿತವೈದ್ಯರು ಹೀಗಳೆದರೂ, ಎರಡನೆಯ ಚಾರ್ಲ್ಸ್ ದೊರೆ ಅವನ ಮದ್ದಿನಿಂದಲೇ ಗುಣ ಹೊಂದಿದನು. ಆದರೆ ಟಾಲ್ಬರನು ತನ್ನ ಗುಟ್ಟನ್ನು ಲೋಕಕ್ಕೆ ತಿಳಿಸಲಿಲ್ಲ. 1681ರಲ್ಲಿ ಅವನು ತೀರಿಕೊಂಡ ಮೇಲಷ್ಟೇ ಅದು ಸಿಂಕೋನ ತೊಗಟೆಯೆಂಬುದು ಬಹಿರಂಗವಾಯಿತು. ಅದರ ಸಾರವಾದ ಕ್ವಿನೀನನ್ನು ಪೆಲೆಟಿಯೆ ಮತ್ತು ಕವಾಂಟೂ ಎಂಬ ಫ್ರೆಂಚರು 1820ರಲ್ಲಿ ಬೇರ್ಪಡಿಸಿದರು.

ಇನ್ನು ಹಡಗಿನ ವೈದ್ಯ ಜೇಮ್ಸ್ ಲಿಂಡ್. 1747ರಲ್ಲಿ ಅವನು ಸ್ಕರ್ವಿ ರೋಗದಿಂದ ನರಳುತ್ತಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಎಲ್ಲರಿಗೂ ಒಂದೇ ಬಗೆಯ ಊಟವಿತ್ತು, ಪ್ರತಿ ಜೋಡಿಗೂ ಬೇರೆ ಬೇರೆ ಮದ್ದನ್ನು ಕೊಟ್ಟನು. ಕಿತ್ತಳೆ ನಿಂಬೆಗಳನ್ನು ತಿಂದವರು ಬೇಗನೆ ಚೇತರಿಸಿಕೊಂಡರು. ಇದನ್ನು ಅವನು 1753ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು.

ಮದ್ದು ಏಕೆ ಫಲಿಸಿತೆಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಇಬ್ಬರೂ ಅನುಭವವನ್ನೇ ನಂಬಿದವರು. ಆದರೆ ಲಿಂಡನು ಮದ್ದುಗಳನ್ನು ಒಂದರೊಡನೊಂದು ಹೋಲಿಸಿ ನೋಡಿದನು. ಕಂಡದ್ದನ್ನು ಇತರರೂ ಪರೀಕ್ಷಿಸುವಂತೆ ತೆರೆದಿಟ್ಟನು. ‘ಎಂಪಿರಿಕ್’ ಎಂಬ ಬೈಗುಳವು ‘ಎಂಪಿರಿಕಲ್’ ಎಂಬ ಗೌರವಕ್ಕೆ ಏರುವ ಮೆಟ್ಟಿಲುಗಳು ಇವೆರಡೇ ಎಂದು ನಾವು ಭಾವಿಸುತ್ತೇವೆ.

ಹಳ್ಳಿಯ ಮದ್ದನ್ನು ಪುಸ್ತಕದಲ್ಲಿಲ್ಲವೆಂದು ನಗುವುದು ವಿದ್ಯಾವಂತರ ಲಕ್ಷಣವಲ್ಲ. ‘ನನಗೆ ಗುಣವಾಯಿತು’ ಎಂಬ ಒಂದೇ ಮಾತಿಗೆ ಮರುಳಾಗುವುದೂ ತರವಲ್ಲ. ‘ಯಾವುದರೊಡನೆ ಹೋಲಿಸಿದಿರಿ? ನಾವೂ ಪರೀಕ್ಷಿಸಬಹುದೇ?’ ಎಂದು ವಿದ್ಯಾರ್ಥಿಗಳು ವಿನಯದಿಂದ ಕೇಳಲಿ. ಉತ್ತರ ಕೊಡಲೊಲ್ಲದವನು ಎಷ್ಟೇ ಪದವಿಗಳನ್ನು ಹೊತ್ತಿರಲಿ, ಅವನು ಅಳಲೆಕಾಯಿ ಪಂಡಿತನೇ ಸರಿ.