ಮನೆ ಪಕ್ಕದ ವಾಣಿಜ್ಯ ಕಟ್ಟಡ: ಸಹಿ ಸಂಗ್ರಹಕ್ಕಿಂತ ಅಳತೆಗೆ ಬಲ ಹೆಚ್ಚು

ಮಂಜೇಶ್ವರ: ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ರಾಷ್ಟ್ರೀಯ ಹೆದ್ದಾರಿ 66 ಆರು ಪಥವಾಗುವಾಗ ರಸ್ತೆ ಬದಿಯ ಹಳೇ ಅಂಗಡಿಗಳು ನೆಲಸಮವಾದವು. ಅಂಗಡಿ ಹೋಯಿತೆಂದು ವ್ಯಾಪಾರ ಹೋಗುವುದಿಲ್ಲವಲ್ಲ, ಅದು ಬೇರೆ ಜಾಗ ಹುಡುಕುತ್ತದೆ. ಹೊಸಂಗಡಿ, ಉಪ್ಪಳ, ಕುಂಬಳೆಯಂಥ ಪೇಟೆಗಳಲ್ಲಿ ಸರ್ವೀಸ್ ರಸ್ತೆಯ ಹಿಂದಿನ ಮನೆ ಹಿತ್ತಿಲುಗಳ ಮೇಲೂ ಕಣ್ಣು ಬೀಳುವುದು ಸಹಜ.

ಇಂಥ ಕಡೆ ನಡೆಯುವ ಕತೆ ಹೆಚ್ಚಾಗಿ ಒಂದೇ. ಮೊದಲು ಜೆಸಿಬಿ ಬರುತ್ತದೆ. ಆಮೇಲೆ ನೆರೆಕರೆಯವರಿಗೆ ವಿಷಯ ಗೊತ್ತಾಗುತ್ತದೆ. ಕ್ರಿಯಾ ಸಮಿತಿ, ಸಹಿ ಸಂಗ್ರಹ, ಪಂಚಾಯತು ಕಚೇರಿ ಎದುರು ಧರಣಿ ಎಲ್ಲಾ ಆಗುತ್ತದೆ. ಕಟ್ಟಡವೂ ಏಳುತ್ತದೆ. "ಒಳಗೊಳಗೆ ಏನೋ ನಡೆದಿದೆ" ಅಂತ ಜನ ಆಡಿಕೊಳ್ಳುತ್ತಾರೆ. ಎಲ್ಲಾ ಸಲ ಹಾಗೇ ಆಗಿರಬೇಕೆಂದಿಲ್ಲ. ಜನ ಸೋಲುವ ಕಾರಣ ಬಹಳ ಸಲ ನಿಯಮದಲ್ಲೇ ಇರುತ್ತದೆ.

ಅಧಿಕಾರ ಯಾರದ್ದು?

ಕೇರಳದಲ್ಲಿ ಕಟ್ಟಡ ಪರವಾನಗಿ ಕೊಡುವುದು ಪಂಚಾಯತು ಅಧ್ಯಕ್ಷರಲ್ಲ, ವಾರ್ಡು ಸದಸ್ಯರೂ ಅಲ್ಲ, ಕಾರ್ಯದರ್ಶಿ. ಗ್ರಾಮ ಪಂಚಾಯತುಗಳಿಗೆ 2019ರ ಕೇರಳ ಪಂಚಾಯತ್ ಕಟ್ಟಡ ನಿಯಮಗಳು, ಕಾಸರಗೋಡಿನಂಥ ನಗರಸಭೆಗೆ ಅದೇ ವರ್ಷದ ಮುನಿಸಿಪಾಲಿಟಿ ಕಟ್ಟಡ ನಿಯಮಗಳು ಅನ್ವಯ. ಅರ್ಜಿ ನಿಯಮಕ್ಕೆ ಸರಿಯಾಗಿದ್ದರೆ ಪರವಾನಗಿ ಕೊಡಲೇಬೇಕು. ಊರವರ ವಿರೋಧವಿದೆ ಎಂಬ ಒಂದೇ ಕಾರಣಕ್ಕೆ ನಿರಾಕರಿಸಿದರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಗಡಿಗೆ ತಾಗಿಸಿ ಗೋಡೆ ಕಟ್ಟುವಂಥ ಸಂದರ್ಭ ಬಿಟ್ಟರೆ ನೆರೆಮನೆಯವರ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ.

ಹಾಗಾಗಿ "ನಮಗೆ ಈ ಕಟ್ಟಡ ಬೇಡ" ಎಂಬ ಮನವಿಗೆ ಎಷ್ಟು ಸಹಿ ಬಿದ್ದರೂ ಕಡತದಲ್ಲಿ ತೂಕ ಕಡಿಮೆ. "ಈ ನಕ್ಷೆಯಲ್ಲಿ ಇಂಥ ಅಳತೆ ತಪ್ಪಿದೆ" ಎಂದು ಒಬ್ಬನೇ ಬರೆದುಕೊಟ್ಟರೂ ಕಾರ್ಯದರ್ಶಿ ಅದನ್ನು ನೋಡದೆ ಬಿಡುವಂತಿಲ್ಲ.

ಮೊದಲು ಬಾವಿ, ಆಮೇಲೆ ರಸ್ತೆ

ಅಳೆಯಬೇಕಾದ್ದು ಮೊದಲು ಬಾವಿ. ಈ ಭಾಗದಲ್ಲಿ ಕುಡಿಯುವ ನೀರೆಂದರೆ ಹೆಚ್ಚಿನ ಮನೆಗಳಿಗೆ ಅಂಗಳದ ಬಾವಿಯೇ. ಶೌಚಗುಂಡಿ, ಇಂಗುಗುಂಡಿಗಳು ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ದೂರ ಇರಬೇಕೆಂಬುದು ನಿಯಮ. ಹತ್ತಾರು ಅಂಗಡಿ, ಒಂದು ಹೋಟೆಲು ಇರುವ ಕಟ್ಟಡದ ಕೊಳಚೆ ಒಂದು ಮನೆಯ ಕೊಳಚೆಯಷ್ಟಲ್ಲ. ಅರ್ಜಿಯ ನಕ್ಷೆಯಲ್ಲಿ ಕಾಂಪೌಂಡಿನ ಆಚೆಗಿನ ಬಾವಿ ಗುರುತಾಗದೇ ಹೋದರೆ ಆ ದೂರವನ್ನು ನೋಡುವವರೇ ಇಲ್ಲ. ನೀರಿನ ವಿಷಯದಲ್ಲಿ ಕಾಸರಗೋಡು ಧಾರಾಳಿಯಲ್ಲ. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬಿದ್ದರೂ 2017ರ ಅಂತರ್ಜಲ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ಸ್ಥಿತಿಯ ಪಟ್ಟಿಯಲ್ಲಿತ್ತು. ಪೈವಳಿಕೆ, ಎಣ್ಮಕಜೆ ಕಡೆಯ ಗುಡ್ಡಗಳಲ್ಲಿ ಸುರಂಗದ ನೀರನ್ನೇ ನಂಬಿದ ಮನೆಗಳಿವೆ. ತಳಮಹಡಿಗೆಂದು ಮುರಕಲ್ಲಿನ ಗುಡ್ಡ ಕಡಿದರೆ ಆ ನೀರಿನ ದಾರಿ ತಪ್ಪಬಹುದು. ಮಣ್ಣು ಕಡಿದು ಸಾಗಿಸಲು ಭೂಗರ್ಭ ಇಲಾಖೆಯ ಅನುಮತಿ ಬೇರೆಯೇ ಬೇಕು.

ಎರಡನೆಯದ್ದು ರಸ್ತೆ. ಹೆದ್ದಾರಿ, ಜಿಲ್ಲಾ ರಸ್ತೆಗಳ ಅಂಚಿನಿಂದ ಕನಿಷ್ಠ 3 ಮೀಟರ್ ಬಿಡಬೇಕು. ಕಟ್ಟಡದ ವಿಸ್ತೀರ್ಣ ಹೆಚ್ಚಿದಷ್ಟೂ ಅಗಲವಾದ ದಾರಿ, ಹೆಚ್ಚು ವಾಹನ ನಿಲುಗಡೆ ಜಾಗ ತೋರಿಸಬೇಕು. ಇದು ಬರೀ ಟ್ರಾಫಿಕ್ ಕಿರಿಕಿರಿಯ ಪ್ರಶ್ನೆ ಅಲ್ಲ. 2025ರ ಮೇ 18ರಂದು ಕೋಝಿಕ್ಕೋಡಿನ ಬಸ್ ನಿಲ್ದಾಣ ಕಟ್ಟಡದ ಬಟ್ಟೆ ಅಂಗಡಿಗೆ ಬೆಂಕಿ ಬಿದ್ದಾಗ ಆರಿಸಲು ಗಂಟೆಗಟ್ಟಲೆ ಹೋರಾಡಬೇಕಾಯಿತು. ಪೇಟೆ ನಡುವೆಯೇ ಹೀಗಾದರೆ ಮನೆಗಳ ನಡುವಿನ ಕಿರುದಾರಿಯಲ್ಲಿ ಅಗ್ನಿಶಾಮಕ ವಾಹನ ತಿರುಗುವುದೆಲ್ಲಿ?

ಮೂರನೆಯದ್ದು ಜಾಗದ ಜಾತಕ. ಬಯಲು, ಗದ್ದೆಯಾಗಿದ್ದರೆ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆಯ ಡೇಟಾ ಬ್ಯಾಂಕಿನಲ್ಲಿ ಸರ್ವೆ ನಂಬ್ರ ಇದೆಯೇ ಎಂದು ನೋಡಬೇಕು.

ವೇಗ ಬಂತು, ಸುದ್ದಿ ಬರಲಿಲ್ಲ

ಕೆ-ಸ್ಮಾರ್ಟ್ ವ್ಯವಸ್ಥೆ 2024ರ ಜನವರಿ 1ರಿಂದ ನಗರಸಭೆಗಳಿಗೂ, 2025ರ ಏಪ್ರಿಲ್‌ನಿಂದ ಪಂಚಾಯತುಗಳಿಗೂ ಬಂದಿದೆ. ಅರ್ಜಿದಾರ ಕಚೇರಿಗೆ ಅಲೆಯುವ ಕಷ್ಟ ಕಡಿಮೆಯಾಯಿತು, ಇದು ಒಳ್ಳೆಯದೇ. ಆದರೆ ಪರವಾನಗಿಗೆ ಬಂದ ವೇಗ ನೆರೆಮನೆಗೆ ಸುದ್ದಿ ಮುಟ್ಟಿಸುವುದಕ್ಕೆ ಬಂದಿಲ್ಲ. ಪರವಾನಗಿ ಆದಮೇಲೆ ಮೇಲ್ಮನವಿಗೆ ಸ್ಥಳೀಯಾಡಳಿತ ನ್ಯಾಯಮಂಡಳಿ ಇದೆ. ಅದು ತಿರುವನಂತಪುರದಲ್ಲಿ, ಇಲ್ಲಿಂದ ಐನೂರು ಕಿ.ಮೀ.ಗೂ ಮಿಕ್ಕಿ ದೂರ. ಕೂಲಿ ಬಿಟ್ಟು ಅಲ್ಲಿಗೆ ಎಷ್ಟು ಸಲ ಹೋಗೋದಕ್ಕಾಗುತ್ತದೆ? ಆದಕಾರಣ ತಕರಾರಿಗೆ ಸರಿಯಾದ ಹೊತ್ತು ಜಾಗ ಸಮತಟ್ಟು ಮಾಡುವಾಗಲೇ. ಆಗಲೇ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನಕ್ಷೆಯ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನ ಹಿಡಿಯಬಹುದಾದ್ದರಿಂದ ಬಾವಿ, ದಾರಿಯ ಅಳತೆ ಹಾಕಿದ ತಕರಾರನ್ನು ಅದಕ್ಕೆ ಕಾಯದೆ ಮೊದಲೇ ಕೊಟ್ಟು ರಶೀದಿ ಪಡೆಯುವುದು ಜಾಣತನ.

ಇಲ್ಲಿನ ಕನ್ನಡಿಗರಿಗೆ ಇನ್ನೊಂದು ತೊಡಕು ಭಾಷೆಯದ್ದು. ಕಡತ ಮಲಯಾಳದಲ್ಲಿ, ನಿಯಮ ಇಂಗ್ಲಿಷಿನಲ್ಲಿ. ಓದಲು ಬಾರದೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಆದರೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ತಕರಾರು ಕನ್ನಡದಲ್ಲಿದೆ ಎಂದು ಯಾವ ಕಚೇರಿಯೂ ಹಿಂದಿರುಗಿಸುವಂತಿಲ್ಲ.

ಕಟ್ಟುವವರಿಗೂ ಲಾಭ

ಮೊದಲೇ ಪರಿಶೀಲಿಸಿದರೆ ಕಟ್ಟುವವರಿಗೂ ನಷ್ಟವಿಲ್ಲ. ಇದಕ್ಕೆ ಎರ್ನಾಕುಳಂ ಜಿಲ್ಲೆಯ ಮರಡು ಸಾಕ್ಷಿ. ಅಲ್ಲಿ ವಸತಿ ಕಟ್ಟಡಗಳಿಗೆ 2006ರಲ್ಲಿ ಅಂದಿನ ಪಂಚಾಯತು ಪರವಾನಗಿ ಕೊಟ್ಟಿತ್ತು. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿದ ಕಾರಣಕ್ಕೆ 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಕೆಡಹಲು ಹೇಳಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಂಕೀರ್ಣಗಳು ಸ್ಫೋಟಕಕ್ಕೆ ಉರುಳಿದವು. ದುಡ್ಡು ಕೊಟ್ಟವರು ಮನೆ ಕಳೆದುಕೊಂಡರು, ಸುತ್ತಲಿನ ಮನೆಯವರೂ ಜಾಗ ಖಾಲಿ ಮಾಡಬೇಕಾಯಿತು. ಪರವಾನಗಿಯ ಹೊತ್ತಿಗೇ ಸರಿಯಾಗಿ ನೋಡಿದ್ದರೆ ತಪ್ಪುತ್ತಿತ್ತು.

ಕೆಲಸ ಮುಗಿದ ಮೇಲೂ ಒಂದು ಅವಕಾಶವಿದೆ. ವಾಸಯೋಗ್ಯ ಪ್ರಮಾಣಪತ್ರ ಮತ್ತು ಕಟ್ಟಡ ನಂಬ್ರ ಕೊಡುವ ಮೊದಲು ಕಟ್ಟಡ ನಕ್ಷೆಯಂತೆಯೇ ಇದೆಯೇ ಎಂದು ನೋಡಬೇಕು. ನಕ್ಷೆಯಲ್ಲಿ ಪಾರ್ಕಿಂಗ್ ಎಂದಿದ್ದ ಜಾಗ ಅಂಗಡಿಯಾಗಿದ್ದರೆ ಅದನ್ನು ಹೇಳುವ ಸಮಯ ಅದೇ.

2025ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದ ಪಂಚಾಯತು ಸಮಿತಿಗಳಿಗೆ ಪರವಾನಗಿ ತಡೆಯುವ ಅಧಿಕಾರ ಇಲ್ಲದಿರಬಹುದು. ಆದರೆ ವಾಣಿಜ್ಯ ಕಟ್ಟಡದ ಅರ್ಜಿ ಬಂದ ವಾರವೇ ಸರ್ವೆ ನಂಬ್ರ, ಮಹಡಿ, ವಿಸ್ತೀರ್ಣವನ್ನು ಕನ್ನಡ, ಮಲಯಾಳ ಎರಡರಲ್ಲೂ ಬರೆದು ನೋಟಿಸು ಬೋರ್ಡಿಗೆ ಅಂಟಿಸಲು, ಗ್ರಾಮಸಭೆಯಲ್ಲಿ ಓದಿಹೇಳಲು ಯಾವ ಅಡ್ಡಿಯೂ ಇಲ್ಲ. ಪೇಟೆ ಬೆಳೆಯಬೇಕು, ಅಂಗಡಿಯೂ ಬೇಕು. ಪಕ್ಕದ ಮನೆಯ ಬಾವಿ ನೀರು ಹಾಳಾಗದ ಹಾಗೆ ಕಟ್ಟಿದರೆ ಯಾರ ತಕರಾರೂ ಇರಲಾರದು.