ಅಂಧರಿಗೆ ದಾರಿ ತೋರುವ ನಾಯಿ ನಮ್ಮೂರಿಗೆ ಬಂದೀತೆ?

ಅಂಧರನ್ನು ಕರೆದೊಯ್ಯುವ ಪರದೇಶದ ನಾಯಿಗಳ ಚಿತ್ರವನ್ನು ಕಂಡವರು, ಇಂಥವನ್ನು ನಮ್ಮಲ್ಲಿಗೂ ಏಕೆ ತರಿಸಬಾರದೆಂದು ಕೇಳುವುದುಂಟು. ಪ್ರಶ್ನೆ ಸಹಜವಾದುದು. 2011ರ ಜನಗಣತಿಯಂತೆ ಭಾರತದಲ್ಲಿ ದೃಷ್ಟಿವೈಕಲ್ಯವುಳ್ಳವರ ಸಂಖ್ಯೆ 50 ಲಕ್ಷವನ್ನು ಮೀರುತ್ತದೆ. ಆದರೂ ನಾಯಿಯ ನೆರವಿನಿಂದ ನಡೆಯುವ ಅಂಧರನ್ನು ನಮ್ಮ ಬೀದಿಗಳಲ್ಲಿ ಕಾಣುವುದು ದುರ್ಲಭ. ಇದಕ್ಕೆ ಕಾರಣವನ್ನು ಹಣದ ಕೊರತೆಯಲ್ಲಿ ಮಾತ್ರ ಹುಡುಕುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಈ ವಿದ್ಯೆ ಯುದ್ಧದ ಕೂಸು. ಮೊದಲನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಜರ್ಮನಿಯ ಓಲ್ಡೆನ್‌ಬರ್ಗ್ ನಗರದಲ್ಲಿ 1916ರಲ್ಲಿ ಇಂಥ ಶಾಲೆಯೊಂದು ತೆರೆಯಿತು. ಸ್ವಿಟ್ಜರ್ಲೆಂಡಿನಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದ ಡೊರೊಥಿ ಯೂಸ್ಟಿಸ್ ಎಂಬ ಅಮೆರಿಕದ ಮಹಿಳೆ 1927ರಲ್ಲಿ ಈ ಕುರಿತು ಲೇಖನವೊಂದನ್ನು ಬರೆದರು. ಅದನ್ನು ಓದಿಸಿ ಕೇಳಿದ ಮಾರಿಸ್ ಫ್ರಾಂಕ್ ಎಂಬ ಅಂಧ ತರುಣನು ಅವರಲ್ಲಿಗೆ ಹೋಗಿ ಕಲಿತು, 1928ರಲ್ಲಿ ಬಡ್ಡಿ ಎಂಬ ನಾಯಿಯೊಡನೆ ಅಮೆರಿಕಕ್ಕೆ ಮರಳಿದನು. ಮರುವರ್ಷವೇ ಅಲ್ಲಿ ಶಾಲೆ ಹುಟ್ಟಿತು. 1931ರಲ್ಲಿ ಬ್ರಿಟನ್ನೂ 1957ರಲ್ಲಿ ಜಪಾನೂ ಈ ಹಾದಿಯನ್ನು ಹಿಡಿದವು.

ನಾಯಿ ಮಾಡುವ ಕೆಲಸವೇನೆಂಬುದನ್ನು ಇಲ್ಲಿ ಸ್ಪಷ್ಟವಾಗಿ ತಿಳಿಯಬೇಕು. “ಪೇಟೆಗೆ ಕರೆದುಕೊಂಡು ಹೋಗು” ಎಂದರೆ ಅದು ತಾನೇ ಕರೆದೊಯ್ಯುವುದೆಂದು ಹಲವರ ಭಾವನೆ. ಹಾಗಲ್ಲ, ದಾರಿಯ ನಕ್ಷೆ ಇರುವುದು ಅಂಧನ ತಲೆಯಲ್ಲಿಯೇ. ಎಡಕ್ಕೋ ಬಲಕ್ಕೋ ಎಂದು ಹೇಳುವವನು ಅವನು. ಕಾಲುದಾರಿಯ ಅಂಚನ್ನು ಹಿಡಿದು ನೇರವಾಗಿ ನಡೆಯುವುದು, ಮೆಟ್ಟಿಲ ಬಳಿ ನಿಲ್ಲುವುದು, ಅಡ್ಡ ಬಂದುದನ್ನು ಬಳಸಿ ಸಾಗುವುದು ಇವು ನಾಯಿಯ ಪಾಲಿನವು. ದೀಪದ ಬಣ್ಣವನ್ನು ಅದು ಓದಲಾರದು. ವಾಹನಗಳ ಸದ್ದನ್ನು ಆಲಿಸಿ ದಾಟುವ ಹೊತ್ತನ್ನು ನಿರ್ಧರಿಸುವವನು ಯಜಮಾನನೇ. ಆದರೆ ಅವನು “ಮುಂದೆ” ಎಂದಾಗ ಎದುರಿಗೆ ಬಂಡಿ ಬರುತ್ತಿದ್ದರೆ ನಾಯಿ ಆಜ್ಞೆಯನ್ನು ಮೀರಿ ನಿಂತುಬಿಡುವುದು. ವಿಧೇಯತೆಯನ್ನು ಕಲಿಸುವುದು ಸುಲಭ. ಎಲ್ಲಿ ಅವಿಧೇಯವಾಗಬೇಕೆಂಬುದನ್ನು ಕಲಿಸುವುದೇ ಈ ವಿದ್ಯೆಯ ಮರ್ಮ.

ಇನ್ನು ಇಂಥ ನಾಯಿಯೊಂದು ನಮ್ಮ ಕೇಶ್ವಾಪುರದಲ್ಲಿ ನಡೆಯುವುದೆಂದು ಭಾವಿಸಿರಿ. ಅಂಚನ್ನು ಹಿಡಿದು ನಡೆಯಲು ಮೊದಲು ಅಂಚೊಂದು ಇರಬೇಕಷ್ಟೆ. ಕಾಲುದಾರಿಯ ಮೇಲೆ ದ್ವಿಚಕ್ರವಾಹನ, ಅದರಾಚೆ ತಳ್ಳುಗಾಡಿ, ಅದರಾಚೆ ಗಟಾರದ ಬಾಯಿ! ನಾಯಿ ಪ್ರತಿ ಹತ್ತು ಹೆಜ್ಜೆಗೊಮ್ಮೆ ರಸ್ತೆಗೆ ಇಳಿಯಬೇಕಾಗುವುದು. ಇದಕ್ಕಿಂತ ದೊಡ್ಡ ತೊಡಕು ಬೀದಿನಾಯಿಗಳದು. ಪ್ರತಿ ಓಣಿಯೂ ಒಂದೊಂದು ಹಿಂಡಿನ ಸೀಮೆ; ಪರಕೀಯ ನಾಯಿ ಕಾಲಿಟ್ಟರೆ ಹಿಂಡು ಮುತ್ತುವುದು ಅವುಗಳ ಸ್ವಭಾವ. ಬೆನ್ನಿಗೆ ಸಜ್ಜು ಕಟ್ಟಿಸಿಕೊಂಡು, ಅದರ ಹಿಡಿಕೆಯಲ್ಲಿ ಮನುಷ್ಯನೊಬ್ಬನ ಕೈಯನ್ನು ಹೊತ್ತ ನಾಯಿ ಓಡುವಂತಿಲ್ಲ, ಕಾದಾಡುವಂತೆಯೂ ಇಲ್ಲ. ಜಗತ್ತಿನಲ್ಲಿ ಹುಚ್ಚುನಾಯಿ ರೋಗದಿಂದ ಸಾಯುವವರಲ್ಲಿ ಮೂರನೆಯ ಒಂದರಷ್ಟು ಜನ ಭಾರತೀಯರೆಂಬುದನ್ನು ನೆನೆದರೆ ಈ ಅಪಾಯದ ತೂಕ ತಿಳಿದೀತು. ಬೀದಿನಾಯಿಗಳ ಸಂತಾನಹರಣ, ಲಸಿಕೆ ಇವು ಅಂಧರ ಪ್ರಶ್ನೆಯೂ ಹೌದೆಂಬುದನ್ನು ನಗರದ ಆಡಳಿತ ಮನಗಾಣಬೇಕು.

ನಮ್ಮದೇ ಮುಧೋಳ ನಾಯಿ ಇರುವಾಗ ಲ್ಯಾಬ್ರಡಾರ್ ಏಕೆಂದು ಅಭಿಮಾನಿಗಳು ಕೇಳಬಹುದು. 2016ರಲ್ಲಿ ಭಾರತದ ಸೈನ್ಯವೂ ಮುಧೋಳ ನಾಯಿಗಳನ್ನು ತರಬೇತಿಗೆ ಆರಿಸಿಕೊಂಡಿತೆಂಬುದು ಹೆಮ್ಮೆಯ ವಿಷಯವೇ. ಆದರೆ ಅದು ದೂರದ ಚಲನೆಯನ್ನು ಕಂಡೊಡನೆ ಬೆನ್ನಟ್ಟಲೆಂದು ತಲೆತಲಾಂತರದಿಂದ ಬೆಳೆಸಿದ ಬೇಟೆಯ ತಳಿ. ಮೊಲವನ್ನೋ ಬೆಕ್ಕನ್ನೋ ಕಂಡು ಚಿಮ್ಮುವ ನಾಯಿಗೆ ಅಂಧನ ಕೈಯನ್ನು ಒಪ್ಪಿಸುವ ಧೈರ್ಯ ನನಗಿಲ್ಲ. ಲ್ಯಾಬ್ರಡಾರಿನದು ಸೌಮ್ಯ ಸ್ವಭಾವ, ಮನುಷ್ಯರೊಡನೆ ಹೊಂದಿಕೊಳ್ಳುವ ಗುಣ. ಆದರೆ ಏಪ್ರಿಲ್ ತಿಂಗಳ ಡಾಂಬರು ಅದರ ಅಂಗಾಲನ್ನು ಸುಟ್ಟೀತು!

ನಾಯಿ ಅಸ್ಪೃಶ್ಯ ಪ್ರಾಣಿ, ನಮ್ಮ ಜನ ಒಪ್ಪಲಾರರೆಂಬ ವಾದವನ್ನು ಮಾತ್ರ ನಾನು ಒಪ್ಪೆನು. ಧರ್ಮರಾಯನೊಡನೆ ಸ್ವರ್ಗದ ಬಾಗಿಲವರೆಗೆ ನಡೆದದ್ದು ನಾಯಿಯೇ. ಮೈಲಾರಲಿಂಗನ ಗೊರವರನ್ನು ಕಂಡು ಬೆಳೆದ ನಾಡು ನಮ್ಮದು.

ಹಾಗಾದರೆ ಮೊದಲು ಮಾಡಬೇಕಾದುದೇನು? ಹುಬ್ಬಳ್ಳಿಗೆ ಸಮೀಪದ ಗದಗಿನಲ್ಲಿ, ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅಂಧ ಮಕ್ಕಳಿಗೆ ಸಂಗೀತವನ್ನೂ ಅದರೊಡನೆ ಜೀವನೋಪಾಯವನ್ನೂ ಕೊಟ್ಟರು. ಒಂಟಿಯಾಗಿ ನಡೆಯುವುದೂ ಹಾಗೆಯೇ ಗುರುಮುಖದಿಂದ ಕಲಿಯಬೇಕಾದ ವಿದ್ಯೆ. ಉದ್ದನೆಯ ಬಿಳಿ ಕೋಲನ್ನು ಎಡಬಲಕ್ಕೆ ಆಡಿಸುತ್ತ ಮುಂದಿನ ಹೆಜ್ಜೆಯ ನೆಲವನ್ನು ಪರೀಕ್ಷಿಸುವ ಕ್ರಮವನ್ನು ರಿಚರ್ಡ್ ಹೂವರ್ ಎಂಬಾತನು 1940ರ ದಶಕದಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಯಲ್ಲಿ ರೂಪಿಸಿದನು. ನಾಯಿಯನ್ನು ಕೊಡುವ ಶಾಲೆಗಳು ಕೂಡ ಸಾಮಾನ್ಯವಾಗಿ ಕೋಲಿನ ನಡಿಗೆಯನ್ನು ಮೊದಲು ಕಲಿತಿರಬೇಕೆನ್ನುತ್ತವೆ. ಆ ವಿದ್ಯೆಯನ್ನು ಕಲಿಸುವ ಶಿಕ್ಷಕರನ್ನು ಧಾರವಾಡ ಜಿಲ್ಲೆಯ ಪ್ರತಿ ತಾಲೂಕಿಗೂ ಒದಗಿಸುವುದು ಹತ್ತು ನಾಯಿಗಳನ್ನು ಹಡಗಿನಲ್ಲಿ ತರಿಸುವುದಕ್ಕಿಂತ ಮುಂಚಿನ ಕೆಲಸ.

ಅನಂತರ ನಾಯಿ ಬರಲಿ, ಬೇಡವೆನ್ನುವವನು ನಾನಲ್ಲ. ಆದರೆ ಬೇಕೆಂದು ಹೇಳುವವರು ಅಂಧರೇ ಆಗಿರಲಿ, ದಾನಿಗಳಲ್ಲ. ಎಂಟು ವರ್ಷ ದುಡಿಯುವ ಪ್ರಾಣಿಗೆ ಆಹಾರ, ಪಶುವೈದ್ಯ, ಮುಪ್ಪಿನ ಆಶ್ರಯ ಇವುಗಳ ಭಾರ ಯಾರದೆಂಬುದೂ ಮೊದಲೇ ಗೊತ್ತಾಗಬೇಕು. ಹುಬ್ಬಳ್ಳಿಯ ನಿಲ್ದಾಣದಲ್ಲಿ 2023ರಿಂದ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ. ಅದರ ಮೇಲೆ ಅಂಧನೊಬ್ಬನಿಗೆ ನಾಯಿ ನಿಜವಾಗಿಯೂ ಉಪಕಾರಿಯಾದೀತು. ಆದರೆ ಬಂಡಿ ಬಂದಾಗ? ಸಾಮಾನ್ಯ ಪ್ರಯಾಣಿಕನ ನಾಯಿಗೆ ಇರುವುದು ಮೊದಲನೆಯ ದರ್ಜೆಯ ಕಾಯ್ದಿರಿಸಿದ ಕೋಣೆ, ಇಲ್ಲವೆ ಬ್ರೇಕ್‌ವ್ಯಾನಿನ ಪೆಟ್ಟಿಗೆ. ದಾರಿ ತೋರುವ ನಾಯಿ ಯಜಮಾನನ ಕಾಲಬಳಿಯಲ್ಲಿ, ಯಾವ ದರ್ಜೆಯ ಡಬ್ಬಿಯಲ್ಲಿಯಾದರೂ ಮಲಗಿ ಹೋಗಬಹುದೆಂಬ ನಿಯಮವನ್ನು ಬರೆಯಲು ಒಂದು ಕಾಗದ ಸಾಕು. ಅದಕ್ಕೆ ನಾಯಿ ಬರುವವರೆಗೆ ಕಾಯಬೇಕಾಗಿಲ್ಲ.